ರಾತ್ರಿ ಹತ್ತು ಗಂಟೆಯ ಬಿಸಿಲು

ಹದಿನೈದು ವರ್ಷ ಭೂಗೋಳ ಕಲಿಸಿದ ಮೇಲೆ ಒಂದು ವಿಷಯ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಜೂನ್ ಇಪ್ಪತ್ತೊಂದನೆಯ ತಾರೀಕು ನಮ್ಮ ಉತ್ತರಾರ್ಧಗೋಳದಲ್ಲಿ ವರ್ಷದ ಅತಿ ದೀರ್ಘ ಹಗಲು ಎಂದು ಕುಮಟೆಯ ಮಕ್ಕಳಿಗೆ ವರ್ಷವರ್ಷವೂ ಹೇಳಿದ್ದೇನೆ. ಆ ಹಗಲನ್ನು ನಾನು ಒಂದು ಸಲವೂ ಕಂಡಿಲ್ಲ. ನಮ್ಮಲ್ಲಿ ಅದೇ ಹೊತ್ತಿಗೆ ಆರಿದ್ರಾ ಮಳೆ ಕೂಡುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಕರಿಹಲಗೆಯ ಮೇಲೆ ಬರೆದದ್ದು ಎರಡನೆಯ ಸಾಲಿನಲ್ಲಿ ಕೂತವರಿಗೆ ಕಾಣುವುದಿಲ್ಲ. 'ಅತಿ ದೀರ್ಘ ಹಗಲು' ಎಂಬ ಪಾಠಕ್ಕೆ ಒಂದು ವರ್ಷ ಜವಾನನಿಂದ ಕಂದೀಲು ತರಿಸಿದ್ದೂ ಉಂಟು. ಒಂದು ಮಗುವೂ ನಗಲಿಲ್ಲ. ಪುಸ್ತಕದ ಮಾತು ಪುಸ್ತಕಕ್ಕೆ, ಮಳೆ ಅಂಗಳಕ್ಕೆ ಎಂಬ ಏರ್ಪಾಡು ಅವಕ್ಕೆ ನನಗಿಂತ ಮೊದಲೇ ಗೊತ್ತಿತ್ತು.

ಹಾಗೆ ನೋಡಿದರೆ ನಮ್ಮಲ್ಲಿ ಹಗಲು ಉದ್ದವಾಗುತ್ತದೆ ಎಂದರೂ ಎಷ್ಟು? ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆಯ ಅಂತರ. ನಮ್ಮ ಸೂರ್ಯ ಕಚೇರಿಯ ಹಳೆಯ ಗುಮಾಸ್ತನ ಹಾಗೆ. ಆರರ ಆಚೀಚೆ ಬರುತ್ತಾನೆ, ಆರರ ಆಚೀಚೆ ಹೋಗುತ್ತಾನೆ, ರಜೆ ಬೇಕಾದರೆ ಒಟ್ಟಿಗೆ ಮಳೆಗಾಲದಲ್ಲಿ ಹಾಕುತ್ತಾನೆ. ಏಪ್ರಿಲ್ ಕೊನೆಯ ಸುಮಾರಿಗೆ ಒಂದು ಮಧ್ಯಾಹ್ನ ನೆಟ್ಟಗೆ ನಮ್ಮ ನೆತ್ತಿಯ ಮೇಲೆ ನಿಂತು, ನಮ್ಮ ನೆರಳನ್ನು ನಮ್ಮ ಪಾದದಡಿಯಲ್ಲೇ ಹೂತು, ಮುಂದೆ ಉತ್ತರದ ಕಡೆಗೆ ಹೊರಟುಬಿಡುತ್ತಾನೆ. ಎಲ್ಲಿಗೆ ಹೋಗುತ್ತಾನೆ, ಅಲ್ಲಿ ಯಾರ ಮನೆಯಲ್ಲಿ ಎಷ್ಟು ಹೊತ್ತು ಕೂರುತ್ತಾನೆ ಎಂದು ನಮ್ಮವರು ವಿಚಾರಿಸಿದವರಲ್ಲ. ಇಷ್ಟು ಹೊತ್ತಿಗೆ ಸರಿಯಾಗಿ ಮುಳುಗಿದರೆ ಸಾಕು. ಗದ್ದೆಯ ಕೆಲಸ ಬಿಡುವುದು, ದನ ಕಟ್ಟುವುದು, ಕೋಳಿ ಮುಚ್ಚುವುದು, ದೀಪ ಹಚ್ಚುವುದು, ಎಲ್ಲವೂ ಅವನು ಎದ್ದು ಹೋಗುವುದನ್ನೇ ಕಾದಿರುತ್ತವೆ.

ಹವೆ ಮಾತ್ರ ಮೂರು ಮೈಲಿಗೊಂದು ತರಹ. ಮೇ ಕೊನೆಯಲ್ಲಿ ಭಟಕಳದಲ್ಲಿ ಮಳೆ ಬಿದ್ದರೂ ಹೊನ್ನಾವರದಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಹೊನ್ನಾವರದಲ್ಲಿ ಹಪ್ಪಳ ಒಳಗೆ ಹೋದ ಮೇಲೂ ಕುಮಟೆಯವರು ಇನ್ನೊಂದು ದಿನ ಸಿಗುತ್ತದೆ ಎಂದು ಹಟ ಹಿಡಿಯುತ್ತಾರೆ. ಹೊನ್ನಾವರದಲ್ಲಿ ನನ್ನ ದೊಡ್ಡಮ್ಮನ ಮನೆಯಿತ್ತು. ಶರಾವತಿ ದಾಟಿ ಬರುವ ಲಾಂಚಿನಿಂದ ಇಳಿಯುವವರ ಕೊಡೆಗಳನ್ನು ದೂರದಿಂದಲೇ ನೋಡಿ, "ಕೊಡೆ ಒದ್ದೆ ಇದ್ದು, ಹಪ್ಪಳ ತೆಗೀರೇ!" ಎಂದು ಅವಳು ಕೂಗುತ್ತಿದ್ದಳು. ಹವಾಮಾನ ಇಲಾಖೆ ರೇಡಿಯೋದಲ್ಲಿ ಏನು ಹೇಳುತ್ತಿತ್ತೋ, ದೊಡ್ಡಮ್ಮನ ಹಪ್ಪಳವಂತೂ ಒಂದು ವರ್ಷವೂ ನೆನೆಯಲಿಲ್ಲ.

ಜಗತ್ತಿನ ಮಾತು ಕೇಳಿದರೆ ತಲೆ ತಿರುಗುತ್ತದೆ. ಬೇಸಿಗೆ ಎಂಬ ಒಂದೇ ಹೆಸರನ್ನು ಹೊತ್ತುಕೊಂಡು ಎಷ್ಟೊಂದು ಬೇರೆ ಬೇರೆ ದಿನಗಳು ತಿರುಗುತ್ತಿವೆ! ದಿಲ್ಲಿಯಲ್ಲಿ ಅದು ಬಾಗಿಲು ಮುಚ್ಚಿ ಕೂರುವ ಕಾಲ. ಹೊರಗೆ ಬೀಸುವ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತದಂತೆ. ಕೊಲಂಬೋದ ಕಡೆ ವರ್ಷವಿಡೀ ಹಗಲು ರಾತ್ರಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ ಸಮಸಮ. ಆಸ್ಟ್ರೇಲಿಯದಲ್ಲಿ ನಮ್ಮ ಮೇ ತಿಂಗಳಿಗೆ ಜನ ಚಳಿಗೆಂದು ಪೆಟ್ಟಿಗೆಯಿಂದ ಕಂಬಳಿ ಹೊರತೆಗೆಯುತ್ತಾರೆ. ವಿಲಾಯತಿಯ ಪುಸ್ತಕಗಳಲ್ಲಂತೂ ಬೇಸಿಗೆ ಬಂತೆಂದರೆ ಹಬ್ಬ. ಬುಟ್ಟಿಯಲ್ಲಿ ತಿಂಡಿ ತುಂಬಿಕೊಂಡು ಬಯಲಿಗೆ ಹೋಗಿ ಬಿಸಿಲಲ್ಲಿ ಕೂರುತ್ತಾರೆ, ಬಂದ ಅತಿಥಿಗೂ ಬಿಸಿಲು ನೋಡಿಯೇ ಕುರ್ಚಿ ಹಾಕುತ್ತಾರೆ. ನಮ್ಮಲ್ಲಿ ಬಿಸಿಲಲ್ಲಿ ಕೂರಿಸುವುದು ಮೆಣಸಿನಕಾಯಿಯನ್ನು, ಒಣಮೀನನ್ನು, ಮತ್ತು ಮನೆಪಾಠ ಬರೆಯದೆ ಬಂದವರನ್ನು.

ಇಷ್ಟನ್ನೂ ನಾನು ಓದಿದ್ದೆ, ಕಲಿಸಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದೆ. ಆದರೆ ಇದರ ಮೇಲೆ ಒಂದು ಹುಡುಗಿಯ ಮದುವೆ ನಿಂತೀತು ಎಂದು ಎಣಿಸಿರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಮೂರು ನಾಲ್ಕು ವರ್ಷ ಕಳೆದ ಹೊತ್ತಿನ ಮಾತು. ಕುಮಟೆ ಪೇಟೆಯ ಬದಿಯ ಹೊಳನಗದ್ದೆಯಲ್ಲಿ ನಾನು ಬಿಡಾರ ಮಾಡಿದ್ದೆ. ಪಕ್ಕದ ಗದ್ದೆ ಜಟ್ಟಣ್ಣನದು. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಹರಿವೆ, ಬದನೆ, ಸೌತೆ ಬೆಳೆಯುತ್ತಿದ್ದ. ಅವನ ಮಗಳು ಮಾದೇವಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಅವಳಿಗೆ ಹೊನ್ನಾವರದೆದುರು ಹೊಳೆಯಾಚೆಯ ಕಾಸರಕೋಡಿನ ಗೋವಿಂದ ಎಂಬವನೊಂದಿಗೆ ಆ ವರ್ಷ ಮಾಘದಲ್ಲಿ ವೀಳ್ಯ ಆಗಿತ್ತು, ಎಂದರೆ ಎರಡು ಮನೆಯವರು ವೀಳ್ಯದೆಲೆ ಅಡಿಕೆ ಬದಲಿಸಿಕೊಂಡು ಮಾತು ಕಟ್ಟಿದ್ದರು. ಗೋವಿಂದ ಸರಕು ಹಡಗಿನಲ್ಲಿ ಭಂಡಾರಿ, ಖಲಾಸಿಗಳಿಗೆ ಅಡಿಗೆ ಮಾಡುವವನು. ವೀಳ್ಯದ ಮರುವಾರವೇ ಮುಂಬಯಿಯಲ್ಲಿ ಹಡಗು ಹತ್ತಿದ್ದ. ಮುಂದಿನ ಸುಗ್ಗಿ ಕಳೆದು ಬಂದರೆ ಮದುವೆ.

ಜೂನ್ ಮೊದಲ ಮಳೆಯ ಜೊತೆ ಅವನ ಕಾಗದ ಬಂತು. ಮಾವನಾಗುವವನ ಹೆಸರಿಗೇ ಬರೆದಿದ್ದ. ಹಡಗಿನ ಕಂಪನಿಯ ಮೂಲಕ ಬಂದದ್ದರಿಂದ ಅಂಚೆಯ ಮುದ್ರೆ ಮುಂಬಯಿಯದೇ ಇತ್ತು. ಜಟ್ಟಣ್ಣ ಅದನ್ನು ಮಳೆಗೆ ತಲೆಯ ಮೇಲೆ ಹೊದ್ದ ಗೊರಬಿನಡಿಯಲ್ಲಿ ಮುಚ್ಚಿಕೊಂಡು ತಂದು ನನ್ನ ಕೈಗಿತ್ತ. ಅವನ ಜೊತೆ ಹೋಗಿ, ಅವನ ಜಗಲಿಯಲ್ಲೇ ಕೂತು ಗಟ್ಟಿಯಾಗಿ ಓದಿದೆ. ಮಾದೇವಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. 'ಹಡಗು ನಾರ್ವೆ ದೇಶದ ಬಂದರಿನಲ್ಲಿ ನಿಂತಿದೆ. ಇಲ್ಲಿ ಬೇಸಿಗೆ ಸುರುವಾಗಿದೆ. ಎರಡು ಕಂಬಳಿ ಹೊದೆಯುತ್ತೇನೆ. ಬಾಟ್ಲಿಯಲ್ಲಿ ತಂದ ತೆಂಗಿನೆಣ್ಣೆ ಕಲ್ಲಾಗಿದೆ. ಈಗ ರಾತ್ರಿ ಹತ್ತು ಗಂಟೆ. ಡೆಕ್ಕಿನ ಮೇಲೆ ಬಿಸಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎಲ್ಲರಿಗೂ ನಮಸ್ಕಾರ.' ಅಷ್ಟೇ.

ಜಟ್ಟಣ್ಣ, "ಎಂತಾ ಅಂದ್ರಿ? ರಾತ್ರಿ ಎಷ್ಟು ಗಂಟೆ?" ಎಂದ.

"ಹತ್ತು."

"ಎಲ್ಲಿ ಕೂತ್ಕಂಡು?"

"ಬಿಸಿಲಲ್ಲಿ."

"ಹಂಗಾರೆ ಕುಡ್ದಾನೆ," ಎಂದ ಜಟ್ಟಣ್ಣ. "ಬೇಸಿಗೆಗೆ ಎರಡು ಕಂಬಳಿ ಅಂತೆ, ಎಣ್ಣೆ ಕಲ್ಲಾತಂತೆ. ಕುಡ್ದವ ಹಗಲನ್ನ ರಾತ್ರಿ ಅಂದದ್ದು ನಾ ಕೇಳಿದ್ದೆ. ರಾತ್ರೀಲಿ ಬಿಸ್ಲು ಕಾಯ್ಸವನ್ನ ಕಂಡದ್ದಿಲ್ಲ. ಮಾಸ್ತರ್ರೆ, ಇವ ಹಡಗಿಗೇ ಹೋಗ್ಲಿಲ್ಲ. ಮುಂಬೈಲೇ ಎಲ್ಲೋ ಬಿದ್ಕಂಡು ಕಾಗದ ಬರೀತಾ ಇದ್ದ."

ಇದು ನಗುವ ಮಾತಾಗಿರಲಿಲ್ಲ. ಜಟ್ಟಣ್ಣನ ಸ್ವಂತ ತಂಗಿಯನ್ನು ಹಿಂದೆ ಮುಂಬಯಿಯಲ್ಲಿ ನೌಕರಿ ಇದೆಯೆಂದು ಕಾಗದ ಬರೆಯುತ್ತಿದ್ದವನಿಗೆ ಕೊಟ್ಟಿದ್ದರು. ಹೋಗಿ ನೋಡಿದರೆ ನೌಕರಿಯೂ ಇರಲಿಲ್ಲ, ಅವನ ಮನೆಯಲ್ಲಿ ಇನ್ನೊಬ್ಬ ಹೆಂಡತಿ ಮಾತ್ರ ಇದ್ದಳು. ತಂಗಿ ತಿರುಗಿ ಬಂದವಳು ಹೆಚ್ಚು ವರ್ಷ ಬದುಕಲಿಲ್ಲ. ಆ ಮನೆಯಲ್ಲಿ ಕಾಗದದ ಸುಳ್ಳಿಗೆ ಅಷ್ಟು ತೂಕವಿತ್ತು. "ಬರೂ ಸೋಮವಾರ ಕಾಸರಕೋಡಿಗೆ ಹೋಗಿ ವೀಳ್ಯ ತಿರುಗಿ ಕೊಟ್ಟು ಬತ್ತೆ," ಎಂದು ಅವನು ಎದ್ದ. ಬಾಗಿಲ ಸಂದಿಯಲ್ಲಿ ಆಗ ಯಾರೂ ಇರಲಿಲ್ಲ.

ಭೂಗೋಳದ ಮಾಸ್ತರನಿಗೆ ಜೀವಮಾನದಲ್ಲಿ ಒಮ್ಮೆ ಇಂಥ ಕರೆ ಬರುತ್ತದೆ. ನಾನು ಅವನನ್ನು ಕೂರಿಸಿ ಒಂದು ತೆಂಗಿನಕಾಯಿ, ಒಂದು ದೀಪ ತರಿಸಿದೆ. ಸಂಜೆ ನಾಲ್ಕಕ್ಕೇ ಮಳೆಯ ಕತ್ತಲೆ ಕವಿದಿದ್ದರಿಂದ ಪ್ರಯೋಗಕ್ಕೆ ಅನುಕೂಲವೇ ಆಯಿತು. ಕಾಯಿಯನ್ನು ಓರೆ ಹಿಡಿದು, ಜುಟ್ಟಿನ ಭಾಗವನ್ನು ದೀಪದ ಕಡೆ ಬಾಗಿಸಿ, "ನೋಡು, ಗೋವಿಂದ ಇಲ್ಲಿ ಜುಟ್ಟಿನ ಹತ್ತಿರ ಇದ್ದಾನೆ. ನಾವು ಇಲ್ಲಿ ಹೊಟ್ಟೆಯ ಹತ್ತಿರ. ಕಾಯಿ ತಿರುಗಿದರೂ ಅವನಿಗೆ ಬೆಳಕು ತಪ್ಪುವುದಿಲ್ಲ," ಎಂದು ತಿರುಗಿಸಿ ತೋರಿಸಿದೆ.

ಜಟ್ಟಣ್ಣ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಲ್ಲಾಡಿಸಿ ನೀರಿನ ಸದ್ದು ಕೇಳಿದ. "ಎಲ್ಲಾ ಸಮ. ಭೂಮಿ ಇಷ್ಟು ಓರೆ ಆದ್ರೆ ನಮ್ಮ ಗದ್ದೆ ನೀರು ಒಂದೇ ಬದಿಗೆ ನಿಲ್ಲಬೇಕಿತ್ತಲಾ?" ಎಂದ. ಮತ್ತೆ ಸ್ವಲ್ಪ ಮೆತ್ತಗೆ, "ನೀವು ಕಂಡಿದ್ರಾ, ಆ ರಾತ್ರಿ ಬಿಸ್ಲು?" ಎಂದು ಕೇಳಿದ.

"ಇಲ್ಲ. ಪುಸ್ತಕದಲ್ಲಿದೆ."

"ಪುಸ್ತಕ ಬರ್ದವ?"

ಅವನು ಕಂಡಿದ್ದನೋ ಇಲ್ಲವೋ ನನಗೆ ತಿಳಿಯದು. ಹದಿನೈದು ವರ್ಷದಲ್ಲಿ... ಅಲ್ಲ, ಆಗ ಇನ್ನೂ ಏಳೆಂಟು ವರ್ಷ... ಆ ಏಳೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನು ಕಲಿಸುತ್ತಿದ್ದೆನೇ ಹೊರತು ನಂಬಿರಲಿಲ್ಲ. ನಂಬುವ ಅಗತ್ಯ ಬಿದ್ದಿರಲಿಲ್ಲ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಹಿರಿಯರು ಹೇಳುತ್ತಿದ್ದರು. ಕಾಣದ್ದನ್ನು ಕಂಡ ಹಾಗೆ ಹೇಳಿದರೆ ಏನಾಗುತ್ತದೆ ಎಂದು ಹೇಳಿರಲಿಲ್ಲ. ಆಗುವುದು ಇದು: ಮಾಸ್ತರಿಕೆ.

ಕಡೆಗೆ, ಕಣ್ಣಾರೆ ಕಂಡವರೊಬ್ಬರನ್ನು ತೋರಿಸಿದರೆ ಒಪ್ಪುತ್ತೇನೆ ಎಂದು ಜಟ್ಟಣ್ಣ ಅಷ್ಟಕ್ಕೆ ಇಳಿದ. ಶರಾವತಿ ದಾಟುವ ಲಾಂಚಿನಲ್ಲಿ ಹಿಂದೊಮ್ಮೆ ನನಗೆ ಪರಿಚಯವಾಗಿದ್ದ ಮೀರಾ ಸಾಹೇಬರು ನೆನಪಾದರು. ಭಟಕಳದವರು. ಹಡಗಿನಲ್ಲಿ ಗುಮಾಸ್ತರಾಗಿದ್ದು ದೇಶ ತಿರುಗಿ, ಈಗ ಅಲ್ಲಿಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಕೂತಿದ್ದರು. ಹೊರಡುವ ದಿನ ನನ್ನ ಹೆಂಡತಿ ಕೊಡೆ ಕೊಡುತ್ತಾ, "ಬೇರೆಯವರ ಮನೆ ಮದುವೆಗೆ ಸೂರ್ಯಂಗೆ ಸಾಕ್ಷಿ ಹುಡುಕ್ತಾ ಹೊರಟ್ರಾ? ನೆನೆದು ಬಂದ್ರೆ ನಾ ಕಷಾಯ ಮಾಡಿಕೊಡ್ತ್ನಿಲ್ಲೆ, ಆತಾ?" ಎಂದಳು. 

ಬಸ್ಸಿನಲ್ಲಿ ಜಟ್ಟಣ್ಣನ ಮಡಿಲಲ್ಲಿ ಒಂದು ಕೈಚೀಲವಿತ್ತು. ಅದರೊಳಗೆ ಏನೆಂದು ಕೇಳಿದೆ. ಹೊಸದಾಗಿ ಕೊಯ್ದ ವೀಳ್ಯದೆಲೆ, ಅಡಿಕೆ. ಭಟಕಳದಿಂದ ತಿರುಗಿ ಬರುವ ದಾರಿಯಲ್ಲಿ ಕಾಸರಕೋಡು ಸಿಗುತ್ತದಲ್ಲ, ಸಾಹೇಬರ ಮಾತು ಸರಿಬೀಳದಿದ್ದರೆ ಅಲ್ಲೇ ಇಳಿದು ಗೋವಿಂದನ ಮನೆಯವರಿಗೆ ವೀಳ್ಯ ತಿರುಗಿಸಿ ಬಂದುಬಿಡುವುದು. ಎರಡು ಸಲ ಬಸ್ಸಿನ ಚಾರ್ಜು ಯಾಕೆ ಎಂದ. ಹೊನ್ನಾವರದಲ್ಲಿ ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಲಾಂಚು ದಾಟುವಷ್ಟು ಹೊತ್ತೂ ಅವನು ಆ ಚೀಲವನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಎಲೆ ನೆನೆದರೆ ಕೊಳೆಯುತ್ತದೆಂದೋ, ಕೈಜಾರಿ ಹೊಳೆಗೆ ಬೀಳಲಿ ಎಂದು ನಾನು ಹಾರೈಸುತ್ತಿದ್ದುದು ಅವನಿಗೆ ತಿಳಿಯಿತೆಂದೋ.

ಮೀರಾ ಸಾಹೇಬರು ಜಟ್ಟಣ್ಣನಿಗೆ ಎಳನೀರು, ನನಗೆ ಚಹಾ ತರಿಸಿ, ಸಂಗತಿ ಕೇಳಿ, ಗದ್ದಿಗೆಯ ಮೇಲೆ ನೆಟ್ಟಗಾದರು.

"ಅರೆ ಮಾಸ್ತರ್! ಆ ಸೂರ್ಯನ್ನ ನನ್ನಷ್ಟು ನೋಡಿದವ ಭಟಕಳದಲ್ಲೇ ಇಲ್ಲ. ಹತ್ತು ವರ್ಷದ ಹಿಂದೆ ನಮ್ಮ ಜಹಾಜು ವಿಲಾಯತಿಯ ಉತ್ತರದ ಬಂದರಲ್ಲಿ ರಿಪೇರಿಗೆ ನಿಂತಿತ್ತು. ಅಲ್ಲೇ ರಂಜಾನ್ ಬಂತು. ಪ್ರಯಾಣದಲ್ಲಿದ್ದವರಿಗೆ ರೋಜಾ ಉಪವಾಸ ಮಾಫಿ ಉಂಟು, ಊರಿಗೆ ಬಂದು ಹಿಡಿದರಾಯ್ತು. ಆದರೆ ಹೊರಡುವಾಗ ಅಮ್ಮನಿಗೆ ಮಾತು ಕೊಟ್ಟಿದ್ದೆ."

ಮೊದಲ ದಿನ ಸಂಜೆ ಆರೂವರೆಗೆ ಅವರು ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಕೂತರಂತೆ. ಸೂರ್ಯ ಮುಳುಗಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವುದು. "ಏಳಾಯ್ತು. ಸೂರ್ಯ ಗೋದಾಮಿನ ಮಾಡಿನ ಮೇಲೆ. ಎಂಟಾಯ್ತು. ಮಾಡಿನ ಮೇಲೇ! ಮಕ್ಕಳು ರಸ್ತೆಯಲ್ಲಿ ಚೆಂಡು ಆಡ್ತಾ ಇದ್ದಾರೆ. ನನ್ನ ಗಡಿಯಾರಕ್ಕೆ ಉಪ್ಪುಗಾಳಿ ಹೊಡೆದಿದೆ ಅಂತ ತಿಳಿದೆ. ಮರುದಿವಸ ರಿಪೇರಿಯವನ ಹತ್ತಿರ ಒಯ್ದರೆ, ಅವ ಕಿವಿಗೆ ಹಿಡಿದು ನೋಡಿ, ಗಡಿಯಾರ ಸರಿಯಿದೆ, ನಿನ್ನ ಮುಖವೇ ಸರಿ ಇಲ್ಲ, ಊಟ ಮಾಡು ಅಂದ. ಹತ್ತು ಗಂಟೆಗೆ ಹತ್ತು ಮಿನಿಟು ಇರುವಾಗ ಆ ಸೂರ್ಯ ಇಳಿದ ನೋಡಿ. ನಾರ್ವೆ ಅದಕ್ಕಿಂತ ಮೇಲೆ. ಅಲ್ಲಿಯವರ ಕಥೆ ಅಲ್ಲಾಹನಿಗೇ ಗೊತ್ತು."

ಜಟ್ಟಣ್ಣ ಎಳನೀರು ಕೆಳಗಿಟ್ಟ. ಅವನೂ ಶ್ರಾವಣ ಸೋಮವಾರಗಳಲ್ಲಿ ಹೊತ್ತು ಮುಳುಗುವ ತನಕ ಉಪವಾಸ ಇರುವವನು.

"ನೀರೂ ಕುಡೀಲಿಲ್ವಾ, ಸಾಯ್ಬ್ರೆ?"

"ಉಗುಳು ನುಂಗಲಿಕ್ಕೂ ಹೆದರಿಕೆ."

"ಸಿಟ್ಟು ಮಾಡ್ಬೇಡಿ, ಒಂದು ಮಾತು ಕೇಳ್ತೆ. ಹಂಗೆ ಎಷ್ಟು ದಿವ್ಸ?"

ಸಾಹೇಬರು ಗಡ್ಡ ಸವರಿದರು. ಅಂಗಡಿಯ ಒಳಗಡೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ, "ಹನ್ನೊಂದು. ಹನ್ನೆರಡನೇ ದಿನ ಎಂಟು ಗಂಟೆಗೆ ತಡೆಯಲಿಲ್ಲ. ತಟ್ಟೆ ಖಾಲಿ ಮಾಡಿಬಿಟ್ಟೆ. ಸೂರ್ಯ ಎದುರಿಗೇ ಕೂತು ನೋಡ್ತಾ ಇದ್ದ. ಉಳಿದದ್ದನ್ನ ಭಟಕಳಕ್ಕೆ ಬಂದು ಹಿಡಿದೆ. ಅಮ್ಮನಿಗೆ ಹೇಳಲಿಲ್ಲ," ಎಂದರು.

"ಹಂಗಾರೆ ಖರೆ," ಎಂದ ಜಟ್ಟಣ್ಣ. ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದ: "ಮೂವತ್ತೂ ದಿವ್ಸ ಹಿಡ್ದೆ ಅಂದಿದ್ರೆ ನಾ ನಂಬ್ತಿದ್ದಿಲ್ಲ, ಮಾಸ್ತರ್ರೆ."

ನನ್ನ ಅಕ್ಷಾಂಶ ರೇಖಾಂಶಗಳು, ತೆಂಗಿನಕಾಯಿ, ದೀಪ ಎಲ್ಲ ಸೇರಿ ಮಾಡಲಾಗದ್ದನ್ನು ಒಬ್ಬರ ಹಸಿವು ಮಾಡಿತು. ಭೂಮಿ ಓರೆಯಾಗಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಪ್ರಮಾಣವನ್ನು ನಾನು ಇವತ್ತಿನವರೆಗೆ ಯಾವ ಪುಸ್ತಕದಲ್ಲೂ ಕಂಡಿಲ್ಲ. ಕಾಸರಕೋಡಿನಲ್ಲಿ ಬಸ್ಸು ಇಳಿದವರು ಗೋವಿಂದನ ಮನೆಯ ಕಡೆ ತಿರುಗದೆ ನೆಟ್ಟಗೆ ಲಾಂಚು ಹತ್ತಿದೆವು. ಹೊಳೆಯ ನಡುವೆ ಜಟ್ಟಣ್ಣ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, "ಕವಳ ಹಾಕ್ರಾ," ಎಂದು ನನ್ನ ಮುಂದೆ ಹಿಡಿದ. ತಿರುಗಿಸಿ ಕೊಡಲೆಂದು ತಂದ ವೀಳ್ಯವನ್ನು ಹೊನ್ನಾವರ ಮುಟ್ಟುವುದರೊಳಗೆ ಇಬ್ಬರೂ ಅಗಿದು ಮುಗಿಸಿದೆವು. ನಾನು ಅಭ್ಯಾಸವಿಲ್ಲದವನು, ಸ್ವಲ್ಪ ತಲೆ ಸುತ್ತಿತು. ಭೂಮಿ ತಿರುಗುವ ಅನುಭವವೂ ಆ ದಿನವೇ ಆದಂತಾಯಿತು.

ಮನೆಯ ಜಗಲಿಯಲ್ಲಿ ಕಾಲು ತೊಳೆಯುತ್ತಾ ಜಟ್ಟಣ್ಣ ಒಳಗೆ ಕೇಳುವ ಹಾಗೆ, "ಹುಡ್ಗನ ತಪ್ಪಿಲ್ಲ. ಆ ದೇಶದ ಸೂರ್ಯನೇ ಹಂಗಂತೆ," ಎಂದ. ಸಾಹೇಬರ ಉಪವಾಸದ ಕಥೆಯನ್ನೂ ಹೇಳಿದ, ಹನ್ನೆರಡನೆಯ ದಿನದ ಭಾಗವೊಂದನ್ನು ಬಿಟ್ಟು. ಇಷ್ಟು ದಿನ ಈ ವಿಷಯದಲ್ಲಿ ಯಾರೂ ಒಂದು ಮಾತು ಕೇಳದಿದ್ದ ಮಾದೇವಿ ಆಗ ಹೊರಗೆ ಬಂದಳು. ಹಿಗ್ಗುತ್ತಾಳೆಂದು ನಾನು ಎಣಿಸಿದ್ದೆ. ಅವಳ ಮುಖದಲ್ಲಿ ಚಿಂತೆ ಇತ್ತು.

"ಹೊತ್ತು ಮುಳ್ಗೂದೇ ಹತ್ತು ಗಂಟೆಗೆ ಅಂದ್ರೆ," ಎಂದಳು, "ಅವ್ರಿಗೆ ಕೆಲಸ ಬಿಡೂದು ಯಾವಾಗೆ?"

ಅಪ್ಪ ಆ ಸೂರ್ಯ ಸುಳ್ಳೋ ನಿಜವೋ ಎಂದು ನೋಡಿದ್ದ. ನಾನು ಓರೆಯೋ ನೆಟ್ಟಗೋ ಎಂದು ನೋಡಿದ್ದೆ. ಅದರಡಿಯಲ್ಲಿ ಅನ್ನ ಬೇಯಿಸುತ್ತಾ ನಿಂತವನನ್ನು ನೋಡಿದವಳು ಅವಳೊಬ್ಬಳು. ಹೊಳನಗದ್ದೆಯಲ್ಲಿ ಬೆಳಕಿರುವಷ್ಟು ಹೊತ್ತೂ ಕೆಲಸ. ಆ ಲೆಕ್ಕದಲ್ಲಿ ಪಾಪ ಗೋವಿಂದ ಬೆಳಗಿನ ಜಾವದಿಂದ ರಾತ್ರಿ ಹತ್ತರ ತನಕ ಒಲೆಯ ಮುಂದೆ. ಅವಳ ಪ್ರಶ್ನೆಯನ್ನೇ ಕಾಗದಕ್ಕೆ ಇಳಿಸಿ, ಹಡಗಿನ ಕಂಪನಿಯ ವಿಳಾಸಕ್ಕೆ ಹಾಕಿದೆ.

ಉತ್ತರ ಬರುವಾಗ ಶ್ರಾವಣ ಮುಗಿದಿತ್ತು. ಅದನ್ನೂ ಜಗಲಿಯಲ್ಲೇ ಓದಿದೆ. 'ಇಲ್ಲಿ ಕೆಲಸ ಹೊತ್ತು ನೋಡಿ ಅಲ್ಲ, ಗಂಟೆ ನೋಡಿ. ಆರಕ್ಕೆ ಪಾತ್ರೆ ತೊಳೆದಿಟ್ಟರೆ ಮುಗಿಯಿತು. ಆಮೇಲೆ ನಾಲ್ಕು ತಾಸು ಹಗಲು ಸುಮ್ಮನೆ ಉಳಿಯುತ್ತಿತ್ತು. ಅದನ್ನು ಏನು ಮಾಡಬೇಕೆಂದು ನಮ್ಮ ಕಡೆಯವರಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವತ್ತು ಡೆಕ್ಕಿನ ಮೇಲೆ ಕೂತು ಕಾಗದ ಬರೆದದ್ದು ಅದಕ್ಕೇ. ನನ್ನ ಚಿಂತೆ ಮಾಡಬೇಡಿ ಎಂದು ತಿಳಿಸಬೇಕು.' ಯಾರಿಗೆ ತಿಳಿಸಬೇಕೆಂದು ಬರೆದಿರಲಿಲ್ಲ.

ಕೆಲಸ ಮುಗಿದ ಮೇಲೂ ಉಳಿಯುವ ಹಗಲು! ಜಗತ್ತಿನ ಹವೆಗಳ ಬಗ್ಗೆ ನಾನು ಓದಿದ ಯಾವ ವಿಚಿತ್ರವೂ, ಮಂಜಿನ ಗುಡ್ಡ, ಮರಳಿನ ಬಿರುಗಾಳಿ ಯಾವುದೂ, ನನ್ನನ್ನು ಇಷ್ಟು ಬೆರಗುಗೊಳಿಸಿರಲಿಲ್ಲ. ಜಟ್ಟಣ್ಣನೂ ಬಹಳ ಹೊತ್ತು ತಲೆ ಕೆರೆದುಕೊಂಡು, ನಾಲ್ಕು ತಾಸಿನಲ್ಲಿ ಎಷ್ಟು ಗದ್ದೆ ಹೂಡಬಹುದೆಂದು ಮನಸ್ಸಿನಲ್ಲೇ ಹೂಡುತ್ತಿದ್ದಂತೆ ಕಂಡ.

ಮಾದೇವಿ ಕೈ ಒರಸಿಕೊಂಡು ಬಂದು ನನ್ನಿಂದ ಕಾಗದ ತೆಗೆದುಕೊಂಡಳು. ಅಕ್ಷರ ಕೂಡಿಸಿ ಕೂಡಿಸಿ ತಾನೇ ಒಮ್ಮೆ ಓದಿದಳು. ಮಗುಚಿ ಹಿಂಬದಿ ನೋಡಿದಳು, ಬರೀ ಬಿಳಿ.

"ನಾಲ್ಕು ತಾಸು ಹಗಲು ಉಳೀತಿತ್ತು ಹೇಳ್ತ್ರು," ಎಂದಳು. "ಬರ್ದದ್ದು ಒಂದೇ ಬದಿ."